ಅಟ್ಟದ ಮೇಲಿನದು ಯಾರ ಸಾಮಾನು?

ಯುಗಾದಿ ಹತ್ತಿರ ಬಂತೆಂದು ತಿಳಿಯಲು ಪಾಂಡವಪುರ ತಾಲ್ಲೂಕಿನಲ್ಲಿ ಕ್ಯಾಲೆಂಡರ್ ತಿರುವಬೇಕಿಲ್ಲ. ಕ್ಯಾತನಹಳ್ಳಿಯ ಯಾವುದಾದರೂ ಬೀದಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಡೆದು ಬಂದರೆ ಸಾಕು. ಜಗಲಿಯ ಮೇಲೆ ಹಾಸಿಗೆಗಳು ಬಿಸಿಲು ಕಾಯುತ್ತಿರುತ್ತವೆ. ಕಾಂಪೌಂಡಿನ ಮೇಲೆ ಕಂಬಳಿ, ದುಪ್ಪಟಿ. ನಲ್ಲಿಯ ಹತ್ತಿರ ಹಂಡೆ, ಕೊಳಗ, ತಂಬಿಗೆಗಳು ಮೈತುಂಬ ಹುಣಸೆಹಣ್ಣು ಬಳಿಸಿಕೊಂಡು ಕೂತಿರುತ್ತವೆ. ಒಳಗಿನಿಂದ ಯಾರೋ ಗೊಣಗುತ್ತಾರೆ: "ಹಬ್ಬ ಹತ್ರುಕ್ಕೆ ಬಂತು, ಮನೆ ಇನ್ನೂ ಹಂಗೇ ಬಿದ್ದದೆ ಕಣವ್ವ." ಉದ್ದನೆಯ ಗಳುವಿಗೆ ಪೊರಕೆ ಕಟ್ಟಿ ಸೂರಿನ ಇಲ್ಲಣ ಹೊಡೆಯುತ್ತಿರುವವರು ಯಾರೆಂದು ಇಣುಕಿ ನೋಡಿ. ಹೆಚ್ಚುಪಾಲು ಮನೆಗಳಲ್ಲಿ ಅವ್ವ, ಇಲ್ಲವೇ ಸೊಸೆ, ಇಲ್ಲವೇ ತವರಿಗೆ ಬಂದ ಮಗಳು. ಗಂಡಸರನ್ನು ಕೇಳಿದರೆ "ಮನೇಲಿ ಕೂರಂಗಿಲ್ಲ, ಬರೀ ಧೂಳು" ಎಂದು ಟೀ ಅಂಗಡಿಯ ಕಡೆ ಕೈ ತೋರಿಸುತ್ತಾರೆ.

ಇದು ರೈತ ಸಂಘದ ನಾಯಕರಾಗಿದ್ದ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಆ ಸಂಘದ ಹಸಿರು ಟವೆಲ್ ಹೆಗಲಿಗೆ ಬಿದ್ದರೆ ಎಂಥ ಕೆಲಸಕ್ಕೂ ಊರಿಗೆ ಊರೇ ಎದ್ದು ನಿಲ್ಲುತ್ತದೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಟವೆಲನ್ನು ತಲೆಗೆ ಸುತ್ತಿ ಅಟ್ಟ ಹತ್ತುವ ಗಂಡಸರು ಕಡಿಮೆ. ಇದನ್ನು ಸೋಮಾರಿತನ ಎಂದು ಬೈದು ಮುಗಿಸಬಹುದು, ಎಷ್ಟೋ ಮನೆಗಳಲ್ಲಿ ಹಾಗೆ ಬೈದೇ ಮುಗಿಸುತ್ತಾರೆ. ನನಗೇನೋ ಕತೆ ಅಷ್ಟು ಸಣ್ಣದೆನಿಸುವುದಿಲ್ಲ.

ಹಳೆಯ ಮನೆಯ ಹಬ್ಬದ ಕೆಲಸವನ್ನು ನೆನಪಿಸಿಕೊಳ್ಳಿ. ಗೋಡೆ ಮಣ್ಣಿನದು, ಮಾಡಿಗೆ ಹೆಂಚು, ಕೆಲವರಿಗೆ ಕಬ್ಬಿನ ತರಗಿನ ಹೊದಿಕೆ. ಸುಗ್ಗಿ ಮುಗಿದು ಭತ್ತ, ರಾಗಿ ಮನೆ ಸೇರಿರುತ್ತಿತ್ತು. ಕಣದ ಧೂಳೂ ಜೊತೆಗೇ ಬಂದಿರುತ್ತಿತ್ತು. ತೆಂಗಿನ ಮಟ್ಟೆ, ಸೌದೆ, ಬೆರಣಿಯ ಒಲೆ ವರ್ಷವಿಡೀ ಉಗುಳಿದ ಮಸಿ ಜಂತೆಗೆ ಅಂಟಿಕೊಂಡಿರುತ್ತಿತ್ತು. ಆಗ ಗಂಡಸರ ಪಾಲಿಗೆ ದೊಡ್ಡ ದೊಡ್ಡ ಕೆಲಸಗಳೇ ಇದ್ದವು. ಮಾಡಿನ ಮೇಲೆ ಹತ್ತಿ ಹೆಂಚು ಕೈಯಾಡಿಸುವುದು, ಕೊಟ್ಟಿಗೆಯ ನೆಲ ಕೆತ್ತಿ ಹೊಸ ಮಣ್ಣು ಬಡಿಯುವುದು, ಗೊಬ್ಬರ ಗಾಡಿಗೆ ತುಂಬಿ ಗದ್ದೆಗೆ ಸಾಗಿಸುವುದು, ನೇಗಿಲು ನೊಗ ತೊಳೆದು ಹೊನ್ನಾರಿಗೆ ಸಿದ್ಧಮಾಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಸುಣ್ಣ ಬಳಿಯುವುದು. ಹೆಂಗಸರು ಸಾರಿಸಿ, ಪಾತ್ರೆ ಬೆಳಗಿ, ಬಟ್ಟೆ ಒಗೆದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ಹುಡುಗರು ಸುಣ್ಣದ ಬಕೆಟ್ ಹಿಡಿದುಕೊಂಡು ಅಪ್ಪನ ಹಿಂದೆ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಓಡಾಡುತ್ತಿದ್ದರು. ಆ ಹಂಚಿಕೆ ನ್ಯಾಯವಾಗಿತ್ತು ಎಂದು ನಾನು ಹೇಳುವುದಿಲ್ಲ. ಹೆಂಗಸರ ಪಾಲು ಆಗಲೂ ದೊಡ್ಡದೇ. ಹಬ್ಬದ ಕೆಲಸವೆಂದರೆ ಎಲ್ಲರ ಕೈಗೂ ಏನಾದರೊಂದು ಇರುತ್ತಿತ್ತು ಎಂಬುದಷ್ಟೇ ನನ್ನ ಮಾತು.

ಸುಣ್ಣದ ವಿಷಯದಲ್ಲಿ ತುಸು ನಿಲ್ಲುತ್ತೇನೆ, ಏಕೆಂದರೆ ಆ ಕೆಲಸದ ಹಿಂದಿನ ಬುದ್ಧಿವಂತಿಕೆಯನ್ನು ನಾವು ಮರೆಯುತ್ತಿದ್ದೇವೆ. ಸುಟ್ಟ ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಆಕ್ಸೈಡ್. ನೀರಿಗೆ ಬಿದ್ದೊಡನೆ ಕುದಿಯುತ್ತದೆ, ಬಿಸಿ ಬಿಡುತ್ತ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹಸಿ ಸುಣ್ಣ ತೀಕ್ಷ್ಣವಾದ ಕ್ಷಾರ. ಗೋಡೆಯ ಬಿರುಕಿನ ಬೂಷ್ಟು, ಹುಳುಗಳು ಅದನ್ನು ಸಹಿಸವು. ಮಣ್ಣಿನ ಗೋಡೆ ಉಸಿರಾಡುವುದನ್ನು ಅದು ತಡೆಯುವುದೂ ಇಲ್ಲ. ಹಿಂದಿನ ರಾತ್ರಿಯೇ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಸೇರಿಸಿ ಬಳಿಯುತ್ತಿದ್ದರು. ಈಗಲೂ ಕೊಟ್ಟಿಗೆಗೋ ಕಾಂಪೌಂಡಿಗೋ ಬಳಿಯುವವರಿದ್ದಾರೆ. ಅವರು ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿಯುವಾಗ ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಸಿಡಿದರೆ ಅಪಾಯ. ಕೂಡಲೇ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಹೊರಡಬೇಕು.

ಆಮೇಲೆ ಏನಾಯಿತು? ಹೆಂಚು ಹೋಗಿ ಆರ್‌ಸಿಸಿ ಬಂತು. ಕೈಯಾಡಿಸಲು ಏನೂ ಉಳಿಯಲಿಲ್ಲ. ಸುಣ್ಣ ಹೋಗಿ ಪೇಂಟ್ ಬಂತು. ನಾಲ್ಕೈದು ವರ್ಷಕ್ಕೊಮ್ಮೆ ಪೇಂಟರ್ ಬಂದು ಹೊಡೆದು ಕಾಸು ಎಣಿಸಿಕೊಂಡು ಹೋಗುತ್ತಾನೆ. ಟ್ರ್ಯಾಕ್ಟರ್, ಟಿಲ್ಲರ್ ಬಂದು ಎತ್ತು ಹೋದವು, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು ಉಳಿದವು. ಹೀಗೆ ಒಂದೊಂದಾಗಿ ಕಳಚಿದ ಹಬ್ಬದ ಕೆಲಸಗಳೆಲ್ಲ ಗಂಡಸರವು. ಹೆಂಗಸರ ಪಾಲಿನದು ಕರಗಿತೇ? ಗ್ಯಾಸ್ ಬಂದು ಮಸಿ ಕಡಿಮೆಯಾಯಿತು, ನಿಜ. ಅದರ ಬದಲಿಗೆ ಫ್ರಿಡ್ಜ್ ಒರೆಸು, ಫ್ಯಾನ್ ರೆಕ್ಕೆ ಒರೆಸು, ಕಿಟಕಿಯ ಸೊಳ್ಳೆ ಪರದೆ ತೊಳೆ, ಟೈಲ್ಸಿನ ಸಂದಿ ಉಜ್ಜು, ಶೋಕೇಸಿನ ಗಾಜಿನ ಬೊಂಬೆಗಳನ್ನೆಲ್ಲ ಇಳಿಸಿ ಏರಿಸು. ಸಗಣಿ ಸಾರಿಸಿದ ನೆಲದಲ್ಲಿ ಕಾಣದ ಕಲೆ ಬಿಳಿ ಟೈಲ್ಸಿನಲ್ಲಿ ಕಾಣುತ್ತದೆ. ಕಂಡಮೇಲೆ ಒರೆಸಲೇಬೇಕು.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ 'ಮೋರ್ ವರ್ಕ್ ಫಾರ್ ಮದರ್' ಎಂಬ ಪುಸ್ತಕದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ತೆರೆದ ಒಲೆಯ ಜಾಗಕ್ಕೆ ಕಬ್ಬಿಣದ ಒಲೆ ಬಂದಾಗ ಸೌದೆ ಕಡಿಯುವ ಗಂಡಸಿನ ಕೆಲಸ ಇಳಿಯಿತು. ಗಿರಣಿಯ ಹಿಟ್ಟು ಬಂದಾಗ ಕಾಳು ಬೀಸಿಸಿ ತರುವ ಅವನ ಕೆಲಸವೂ ಹೋಯಿತು. ಅವಳ ಅಡುಗೆಯ ಬಗೆಗಳು ಮಾತ್ರ ಹೆಚ್ಚಿದವು. ಗಂಡಸು ಮನೆಯಲ್ಲಿ ಕೆಲಸವಿಲ್ಲದವನಾದ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಸಲಕರಣೆಗಳು ಮಾಡಿದ್ದು. ಕಾವೇರಿ ಬಯಲಿನ ಮನೆಗಳಲ್ಲೂ ಅದೇ ನಡೆದಿದೆ, ಕೊಂಚ ತಡವಾಗಿ.

ಲೆಕ್ಕವೂ ಹಾಗೇ ಹೇಳುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಆರು ವರ್ಷ ಮೇಲ್ಪಟ್ಟವರ ಪೈಕಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ನೂರಕ್ಕೆ 81, ಗಂಡಸರು 26. ಹಾಗೆ ಕೈಹಾಕಿದವರಲ್ಲೂ ಹೆಂಗಸರದು ದಿನಕ್ಕೆ 299 ನಿಮಿಷ, ಗಂಡಸರದು 97. ಐದು ವರ್ಷ ಬಿಟ್ಟು 2024ರಲ್ಲಿ ಮತ್ತೆ ಅಳೆದರು. ಹೆಂಗಸರದು 289ಕ್ಕೆ ಇಳಿಯಿತು, ಗಂಡಸರದು 88ಕ್ಕೆ. ಇಬ್ಬರದೂ ಸಮಸಮವಾಗಿ ಇಳಿದಿದ್ದರಿಂದ ನಡುವಿನ ಅಂತರ ಅಲ್ಲೇ ನಿಂತಿದೆ. ಇದು ಮಾಮೂಲು ದಿನಗಳ ಮಾತು. ಹಬ್ಬದ ವಾರದ ಲೆಕ್ಕವನ್ನು ಯಾರೂ ಬೇರೆ ತೆಗೆದಿಲ್ಲ. ತೆಗೆಯದಿರುವುದೇ ಮರ್ಯಾದೆಗೆ ಕ್ಷೇಮ.

ಹಾಗಾದರೆ ಈಗಿನ ಮನೆಯಲ್ಲಿ ಗಂಡಸರಿಗೆ ಕ್ಲೀನು ಮಾಡಲು ಏನೂ ಇಲ್ಲವೇ? ಕ್ಯಾತನಹಳ್ಳಿಯಂಥ ನಾಲೆ ಬಯಲಿನ ಊರಿನ ಯಾವುದೇ ಹಜಾರದಲ್ಲಿ ಒಂದು ಸುತ್ತು ಕಣ್ಣಾಡಿಸಿ. ಮೂಲೆಯಲ್ಲಿ ಯೂರಿಯಾ ಮೂಟೆ. ಅದರ ಮೇಲೆ ಸುಟ್ಟುಹೋದ ಪಂಪ್‌ಸೆಟ್ಟಿನ ಸ್ಟಾರ್ಟರ್, "ರಿಪೇರಿ ಮಾಡ್ಸಾನ" ಎಂದು ಇಟ್ಟದ್ದು. ಬಾಗಿಲ ಹಿಂದೆ ಔಷಧಿ ಹೊಡೆಯುವ ಕ್ಯಾನು. ಅಟ್ಟದ ಮೇಲೆ ಡ್ರಿಪ್ ಪೈಪಿನ ಸುರುಳಿ, ಖಾಲಿ ಗೋಣಿಚೀಲ, ಹಳೇ ಟೈರು, ಅರ್ಧ ಬಳಸಿ ಮುಚ್ಚಳ ತಿರುವಿಟ್ಟ ಕೀಟನಾಶಕದ ಬಾಟಲಿಗಳು. ಹಬ್ಬದ ಧೂಳು ಹೊಡೆಯುವ ಅವ್ವ ಈ ಸಾಮಾನುಗಳ ಸುತ್ತ ಗುಡಿಸುತ್ತಾಳೆ, ಎತ್ತಿ ಬಿಸಾಡುವ ಅಧಿಕಾರ ಅವಳಿಗಿಲ್ಲ. "ಅದುನ್ ಮುಟ್ಬೇಡ, ಬೇಕಾಯ್ತದೆ" ಎಂಬ ಒಂದೇ ಮಾತಿನಲ್ಲಿ ಅಟ್ಟ ಇನ್ನೊಂದು ವರ್ಷ ಹಾಗೇ ಉಳಿಯುತ್ತದೆ.

ನನ್ನ ಪ್ರಕಾರ ಮನೆಮಂದಿಯೆಲ್ಲ ಸೇರುವ ಕೆಲಸ ಶುರುವಾಗಬೇಕಾದ್ದು ಇಲ್ಲಿಂದ. ಯಾರು ತಂದರೋ ಅವರೇ ಇಳಿಸಬೇಕು, ನೋಡಬೇಕು, ಇಡುವುದೋ ಕಳಿಸುವುದೋ ಹೇಳಬೇಕು. ಕೀಟನಾಶಕದ ಬಾಟಲಿಯನ್ನಂತೂ ಮಕ್ಕಳ ಕೈಗಾಗಲಿ, ಅದರೊಳಗೇನಿದೆ ಎಂದು ತಿಳಿಯದವರ ಕೈಗಾಗಲಿ ಕೊಡಲೇಬಾರದು. ಖಾಲಿಯಾದದ್ದನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಔಷಧಿ ಹೊಡೆಯುವ ಟ್ಯಾಂಕಿಗೇ ಸುರಿದು, ಬಾಟಲಿಗೆ ತೂತು ಮಾಡಿಡಬೇಕು. ತೂತು ಮಾಡದಿದ್ದರೆ ಅದು ಎಣ್ಣೆಯ ಕ್ಯಾನಾಗಿ, ಕೊನೆಗೆ ನೀರಿನ ಕ್ಯಾನಾಗಿ ಮನೆಯೊಳಗೆ ತಿರುಗುತ್ತದೆ. ಉಳಿದದ್ದು ಮಲಗುವ ಕೋಣೆಯಿಂದ, ಅಡುಗೆಮನೆಯಿಂದ ದೂರ, ಬೀಗವಿರುವ ಪೆಟ್ಟಿಗೆಗೆ. ಈ ಒಂದು ಕೆಲಸ ಅರ್ಧ ದಿನ ತಿನ್ನುತ್ತದೆ. ಪಾತ್ರೆ ಬೆಳಗುವುದಕ್ಕಿಂತ ಇದಕ್ಕೆ ಹೆಚ್ಚು ತಿಳಿವಳಿಕೆ ಬೇಕು.

ಟ್ರಂಕು ಇನ್ನೊಂದು. ಮಂಚದ ಕೆಳಗಿನ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಕಂದಾಯ ರಸೀದಿ, ಹಳೇ ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್, ಕಾರ್ಖಾನೆಗೆ ಕಬ್ಬು ತೂಗಿಸಿದ ಚೀಟಿ, ವಿಭಾಗ ಪತ್ರ, ಯಾರದೋ ಮದುವೆ ಲಗ್ನಪತ್ರಿಕೆ, ಎಲ್ಲ ಒಂದೇ ಕಟ್ಟಿನಲ್ಲಿ ಬೆಳ್ಳಿಮೀನು ಹುಳುವಿಗೆ ಆಹಾರವಾಗಿರುತ್ತವೆ. ಪಹಣಿ ಕಂಪ್ಯೂಟರಿಗೆ ಸೇರಿ ಎರಡು ದಶಕ ದಾಟಿದೆ. ಬೇಕಾದಾಗ ತೆಗೆಯಬಹುದು. ವಿಭಾಗ ಪತ್ರ, ಕ್ರಯಪತ್ರಗಳ ಮೂಲ ಪ್ರತಿ ಹೋದರೆ ಮಾತ್ರ ಅಲೆದಾಟ ತಪ್ಪದು. ಯಾವುದನ್ನು ಇಡಬೇಕು, ಯಾವುದನ್ನು ಸುಡಬಹುದು ಎಂದು ತಿಳಿದವರು ಮನೆಯಲ್ಲಿ ಒಬ್ಬರೇ ಇರುತ್ತಾರೆ, ತಾತ. ಮಂಡಿ ನೋವಿನಿಂದ ಅವರಿಗೆ ಪೊರಕೆ ಹಿಡಿಯಲಾಗದು. ಕೂತಲ್ಲೇ ಟ್ರಂಕು ಎದುರಿಗಿಟ್ಟು ಹೈಸ್ಕೂಲು ಓದುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ. ಒಂದೊಂದು ಕಾಗದ ಮೊಬೈಲಿನಲ್ಲಿ ಫೋಟೊ ಹಿಡಿದು, ಪ್ಲಾಸ್ಟಿಕ್ ಕವರಿಗೆ ಸೇರಿಸುವುದು ಅವಳ ಕೆಲಸ. ಆ ಸರ್ವೆ ನಂಬರ್ ಹೇಗೆ ಬಂತು, ಆ ಬಾವಿ ಯಾರ ಪಾಲಿಗೆ ಹೋಯಿತು ಎಂಬ ಕತೆ ತಾನಾಗೇ ಹೊರಬೀಳುತ್ತದೆ. ಜಮೀನಿನ ಕಾಗದವನ್ನು ಮೊಮ್ಮಗನ ಜೊತೆ ಮಾತ್ರ ಬಿಚ್ಚುವ ರೂಢಿಯಿದೆಯಲ್ಲ, ಅದಕ್ಕೇ ಮೊಮ್ಮಗಳು ಎಂದೆ.

ಮಕ್ಕಳ ಮಾತಿಗೆ ಬಂದರೆ, ಯುಗಾದಿ ಬರುವುದು ಪರೀಕ್ಷೆಯ ನಡುವೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಮಾರ್ಚ್ 21ಕ್ಕೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಯುಗಾದಿ ಮಾರ್ಚ್ 30. ಪರೀಕ್ಷೆಯಿರುವ ಹುಡುಗನಿಗೆ ಎಲ್ಲ ಕೆಲಸದಿಂದ ಮಾಫಿ, ಪರೀಕ್ಷೆಯಿರುವ ಹುಡುಗಿಗೆ "ಓದ್ಕೊಂಡೇ ವಸಿ ಆ ಪಾತ್ರೆ ನೋಡ್ಕಳವ್ವ". ಇದನ್ನು ನೋಡದ ಊರು ಹಳೇ ಮೈಸೂರು ಸೀಮೆಯಲ್ಲಿ ಇದ್ದರೆ ನನಗೆ ತೋರಿಸಿ. ಮಾಫಿ ಕೊಡುವುದಾದರೆ ಇಬ್ಬರಿಗೂ ಕೊಡಬೇಕು, ಇಲ್ಲವೇ ಇಬ್ಬರಿಗೂ ಒಂದೊಂದು ಗಂಟೆಯ ಕೆಲಸ. ಕುಂಡೆ ಊರಿ ಓದುವವರಿಗೆ ನಡುವೆ ಒಂದು ಗಂಟೆ ಮೈ ಬಗ್ಗಿಸಿದರೆ ನಷ್ಟವೇನಿಲ್ಲ.

ಇನ್ನೂ ಚಿಕ್ಕವರದು ಬೇರೆಯೇ ಕತೆ. ಎರಡು ವರ್ಷದ ಕೂಸು ಪೊರಕೆ ಎಳೆದುಕೊಂಡು ಬಂದರೆ ನಾವು ಕಿತ್ತುಕೊಂಡು ಕೈಗೆ ಮೊಬೈಲ್ ಕೊಡುತ್ತೇವೆ. ಹತ್ತು ವರ್ಷವಾದ ಮೇಲೆ ಪೊರಕೆ ಮುಟ್ಟುವುದಿಲ್ಲವೆಂದು ಬೈಯುತ್ತೇವೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಸೆಲ್ಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದ್ದೇನೆಂದರೆ, ಹದಿನೆಂಟು ತಿಂಗಳ ಮಕ್ಕಳೂ ದೊಡ್ಡವರು ಏನಾದರೂ ಬೀಳಿಸಿ ಪರದಾಡುತ್ತಿದ್ದರೆ ಯಾರೂ ಕೇಳದಿದ್ದರೂ ಎತ್ತಿಕೊಡುತ್ತವೆ. ಎರಡು ವರ್ಷದ ನಂತರ ಅವರದೇ ಇನ್ನೊಂದು ಅಧ್ಯಯನ ಬಂತು. ಎತ್ತಿಕೊಟ್ಟದ್ದಕ್ಕೆ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದ ಮಕ್ಕಳಿಗಿಂತ ಕಡಿಮೆ ನೆರವಾದವು. ಹಾಗಾಗಿ "ಕಿಟಕಿ ಒರ್ಸು, ಹತ್ತು ರೂಪಾಯಿ ಕೊಡ್ತೀನಿ" ಎನ್ನುವ ಅಪ್ಪಂದಿರು ಮುಂದಿನ ಹಬ್ಬಕ್ಕೆ ಇಪ್ಪತ್ತು ರೂಪಾಯಿ ಇಟ್ಟುಕೊಂಡಿರುವುದು ಒಳ್ಳೆಯದು.

ಕೆಲಸ ಕೆಡುವುದಕ್ಕೆ ಇನ್ನೊಂದು ಕಾರಣವನ್ನು ಹೇಳಿದರೆ ಹೆಂಗಸರೇ ನನ್ನ ಮೇಲೆ ಬೀಳಬಹುದು. ಮಗ ಹಂಡೆ ಉಜ್ಜಿ ಇಡುತ್ತಾನೆ. ಅಜ್ಜಿ ಬಂದು ನೋಡಿ, ಒಂದು ಮಾತೂ ಆಡದೆ, ಅದೇ ಹಂಡೆಯನ್ನು ಅವನ ಕಣ್ಣೆದುರೇ ಮತ್ತೆ ಉಜ್ಜುತ್ತಾರೆ. ಅಲ್ಲಿಗೆ ಅವನ ಹಂಡೆ ಉಜ್ಜುವ ಜೀವನ ಮುಗಿಯಿತು. ಹೊಳಪು ಬರಲಿಲ್ಲವೆಂದಾದರೆ ಯಾಕೆ ಬರಲಿಲ್ಲ ಎಂದು ತೋರಿಸಬೇಕು. ಹಿತ್ತಾಳೆಯ ಮೇಲಿನ ಕಪ್ಪು ತಾಮ್ರದ ಆಕ್ಸೈಡ್. ಹುಣಸೆಯ ಹುಳಿ ಅದನ್ನು ಕರಗಿಸಬೇಕು, ಕರಗಲು ಹೊತ್ತು ಬೇಕು. ಬಳಿದು ಹತ್ತು ನಿಮಿಷ ಬಿಟ್ಟು ಉಜ್ಜಿದರೆ ತೋಳಿಗೆ ಅರ್ಧ ಕೆಲಸ. ಇದನ್ನು ಅಜ್ಜಿ ಅರವತ್ತು ವರ್ಷದಿಂದ ಬಲ್ಲರು, ಹೇಳಿಕೊಡುವುದಕ್ಕಿಂತ ತಾವೇ ಮಾಡುವುದು ಬೇಗ ಎಂದು ಅರವತ್ತು ವರ್ಷದಿಂದ ತಾವೇ ಮಾಡಿದ್ದಾರೆ.

ಬೆಂಗಳೂರು, ಮೈಸೂರಿನಲ್ಲಿ ಕೆಲಸಕ್ಕಿರುವವರು ಹಬ್ಬದ ಹಿಂದಿನ ರಾತ್ರಿ ಬಸ್ಸು ಇಳಿಯುತ್ತಾರೆ. ಬರುವ ಹೊತ್ತಿಗೆ ಮನೆ ಥಳಥಳ. ತಮ್ಮ ಮನೆ ಯಾವಾಗಲೂ ಹೀಗೇ ಇರುತ್ತದೆಂದು ಅವರು ನಂಬಿದ್ದರೆ ತಪ್ಪು ಅವರದೊಂದೇ ಅಲ್ಲ. ಬೇರೆ ದೇಶಗಳಲ್ಲೂ ಇಂಥ ಕೆಲಸವಿದೆ: ಇರಾನಿನಲ್ಲಿ ನೌರೋಜ್ ಹಬ್ಬಕ್ಕೆ ಮುಂಚೆ ರತ್ನಗಂಬಳಿಗಳನ್ನು ಅಂಗಳಕ್ಕೆ ಎಳೆದು ಇಡೀ ಮನೆ ಕೊಡವುತ್ತಾರೆ. ಜಪಾನಿನಲ್ಲಿ ಡಿಸೆಂಬರ್ ಕೊನೆಗೆ ಮನೆ, ಕಚೇರಿ ಎಲ್ಲ ಕಡೆ ವರ್ಷದ ದೊಡ್ಡ ಶುಚಿ ಕೆಲಸ ನಡೆಯುತ್ತದೆ. ಅಲ್ಲಿ ಶಾಲೆಯಲ್ಲಿ ಮಕ್ಕಳೇ ತಮ್ಮ ತರಗತಿ ಗುಡಿಸಿ ಬೆಳೆದಿರುತ್ತಾರೆ. ನಮ್ಮಲ್ಲೂ ಹಬ್ಬದ ಹಿಂದಿನ ಭಾನುವಾರವೊಂದನ್ನು ಮೊದಲೇ ಗೊತ್ತುಮಾಡಿ ಫೋನು ಮಾಡಿದರೆ ಬರುವವರು ಬರುತ್ತಾರೆ. ಬರದವರ ಹೆಸರಿಗೆ ಯುಗಾದಿ ಮುಗಿದ ಮೇಲಿನ ಕೆಲಸ ಬರೆದಿಡಬಹುದು.

ಗಂಡಸರಿಗೆ ಹಂಚಿಕೊಂಡು ಕೆಲಸ ಮಾಡುವುದು ಬರುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಾಕ್ಷಿಗೆ ಯುಗಾದಿಯ ಮಾರನೇ ದಿನ, ಹೊಸತೊಡಕು ಇದೆ. ವರ್ಷವಿಡೀ ಚೀಟಿ ಕಟ್ಟಿ, ನಸುಕಿಗೇ ಎದ್ದು, ಮರಿ ಕಡಿದು, ಬಾಡನ್ನು ಗುಡ್ಡೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ತೊಡೆಯ ಚೂರು, ಈಲಿಯ ಚೂರು, ಮೂಳೆ, ಕರುಳು ಎಲ್ಲ ಬರಬೇಕು. ಯಾರಿಗೂ ಬರೀ ಮೂಳೆ ಹೋಗಬಾರದು, ಯಾರಿಗೂ ಬರೀ ಮೆತ್ತನೆಯದು ಹೋಗಬಾರದು. ಇಷ್ಟನ್ನೂ ಹೆಂಗಸರಿಂದ ಒಂದು ಸಲವೂ ಹೇಳಿಸಿಕೊಳ್ಳದೆ ಅಚ್ಚುಕಟ್ಟಾಗಿ ಮಾಡುತ್ತಾರೆ. ಮನೆ ಶುಚಿಯನ್ನೂ ಆ ಬಾಡಿನಂತೆಯೇ ಗುಡ್ಡೆ ಹಾಕಿದರಾಯಿತು. ಪ್ರತಿ ಗುಡ್ಡೆಯಲ್ಲೂ ಒಂದು ಹಿತವಾದ ಕೆಲಸ, ಒಂದು ಅಸಹ್ಯದ ಕೆಲಸ: ದೇವರ ಕೋಣೆಯ ಜೊತೆ ಬಚ್ಚಲಿನ ಮೋರಿ, ಶೋಕೇಸಿನ ಜೊತೆ ಕಕ್ಕಸು, ಬೀರುವಿನ ಜೊತೆ ಕೊಟ್ಟಿಗೆಯ ಗಂಜಲದ ಗುಂಡಿ. ಚೀಟಿ ಎತ್ತಿ. ಎತ್ತಿದವರು ಪೊರಕೆ ಹುಡುಕುವುದರಿಂದ ಹಿಡಿದು ಕಸ ಸಾಗಿಸುವವರೆಗೆ ತಮ್ಮ ಗುಡ್ಡೆಯನ್ನು ತಾವೇ ಮುಗಿಸಬೇಕು. "ಈಗೇನ್ ಮಾಡ್ಲಿ ಅವ್ವ?" ಎಂದು ಅರ್ಧ ಗಂಟೆಗೊಮ್ಮೆ ಕೇಳುವಂತಿಲ್ಲ. ಏನು ಮಾಡಬೇಕೆಂದು ನೆನಪಿಟ್ಟುಕೊಂಡು ಎಲ್ಲರಿಗೂ ಹೇಳುತ್ತ ಹೋಗುವುದೂ ಒಂದು ಕೆಲಸವೇ, ಅದೂ ಇಷ್ಟು ದಿನ ಅವ್ವನ ತಲೆಯ ಮೇಲೇ ಇತ್ತು.

ಯಾರ ಪಾಲಿಗೆ ನೀರಿನ ಡ್ರಮ್ಮು, ತೊಟ್ಟಿ ಬರುತ್ತದೋ ಅವರು ಬರೀ ನೀರು ಚೆಲ್ಲಿ ಕೈತೊಳೆದುಕೊಳ್ಳಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿನ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಲೇಬೇಕು, ಆಮೇಲೂ ವಾರಕ್ಕೊಮ್ಮೆ. ಕಕ್ಕಸಿನ ಪಾಲು ಬಂದವರು ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಸುರಿಯಬಾರದು. ಕ್ಲೋರಿನ್ ಅನಿಲ ಎದ್ದು, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಕಂಬಳಿ ಒಗೆಯಲು ಮಕ್ಕಳನ್ನು ಒಬ್ಬೊಬ್ಬರೇ ವಿಶ್ವೇಶ್ವರಯ್ಯ ನಾಲೆಗೆ ಕಳಿಸಬಾರದು. ಸರದಿಯಂತೆ ನೀರು ಬಿಡುವ ಕಟ್ಟುನೀರು ಪದ್ಧತಿಯಲ್ಲಿ ನಿನ್ನೆ ಮೊಣಕಾಲುದ್ದ ಇದ್ದ ನೀರು ಇಂದು ಆಳುದ್ದ ಇರುತ್ತದೆ.

ಹೊರಬಿದ್ದ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಪಾಲು ಮಾಡುವುದಿಲ್ಲ. ಹಿಂದೆ ಎಲ್ಲ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತಿತ್ತು. ಈಗ ತಿಪ್ಪೆಯಲ್ಲಿ ಸ್ಯಾಶೆ, ಡೈಪರ್, ಹರಿದ ಟಾರ್ಪಾಲು. ಒಡೆದ ದೇವರ ಫೋಟೊ ಅರಳಿಕಟ್ಟೆಗೆ, ಹಳೇ ಹಾಸಿಗೆ ನಾಲೆಯ ಏರಿಗೆ. ಗ್ರಾಮ ಪಂಚಾಯಿತಿಯ ಕಸದ ಗಾಡಿ ಬರುವ ಊರುಗಳಲ್ಲಿ ಅದನ್ನು ಓಡಿಸುವವರು, ಒಣಕಸ ವಿಂಗಡಿಸುವವರು ಬಹುಪಾಲು ಸ್ವಸಹಾಯ ಸಂಘದ ಹೆಂಗಸರೇ. ನಮ್ಮ ಮನೆಯ ಹಬ್ಬದ ಕಸ ಕೊನೆಗೆ ಇನ್ನೊಬ್ಬರ ಮನೆಯ ಅವ್ವನ ಕೈಗೆ ಬೀಳುತ್ತದೆ. ಗಾಜು, ಬ್ಲೇಡು, ಹಳೇ ಟ್ಯೂಬ್‌ಲೈಟುಗಳನ್ನು ಬೇರೆ ಕಟ್ಟಿ ಕೊಡುವಷ್ಟು ಕೆಲಸ ನಮ್ಮಿಂದ ಆಗಬೇಕು.

2025ರಲ್ಲಿ ಹೊಸತೊಡಕೂ ರಂಜಾನೂ ಒಂದೇ ದಿನ, ಮಾರ್ಚ್ 31ಕ್ಕೆ ಬಂದವು. ಎರಡೂ ಬಗೆಯ ಮನೆಗಳಲ್ಲಿ ಧೂಳು ಒಂದೇ ವಾರ ಎದ್ದಿತು, ಮಾಂಸದ ಪಾತ್ರೆಗಳು ಒಂದೇ ಮಧ್ಯಾಹ್ನ ನಲ್ಲಿಯ ಕೆಳಗೆ ಬಿದ್ದವು. ಆ ಪಾತ್ರೆಗಳನ್ನೂ ಗುಡ್ಡೆಗೆ ಸೇರಿಸಿಕೊಳ್ಳಬೇಕು, ಮರೆಯಬಾರದು. ಮೊದಲ ವರ್ಷ ಗಲಾಟೆ ಇದ್ದದ್ದೇ. ಚೀಟಿ ಬದಲಾಯಿಸಿ ಎನ್ನುವವರು ಇರುತ್ತಾರೆ, ಬೆನ್ನು ನೋವು ಬರುವವರು ಇರುತ್ತಾರೆ. ಅಟ್ಟದ ಚೀಟಿ ಎತ್ತಿದವರು ಮೊದಲು ಏಣಿ ಎಲ್ಲಿದೆ ಎಂದು ಹುಡುಕಬೇಕು. ಹೋದ ಯುಗಾದಿಗೆ ಪಕ್ಕದ ಮನೆಯವರು ಒಯ್ದದ್ದು ಬಹುಶಃ ಇನ್ನೂ ಅವರ ಹಿತ್ತಲಿನಲ್ಲೇ ಇರುತ್ತದೆ.